ಹಕ್ಕಿ ದೀಪ

ಬಲ್ಬು ರಿಪೇರಿ ಮಾಡುವ ಹೆಂಗಸಿಗೆ ಬೀದಿಯವರು ಇಟ್ಟ ಹೆಸರು ಬಲ್ಬಕ್ಕ. ಹಾಲಿನವನಿಗೂ ಬಲ್ಬಕ್ಕ, ಅಂಗಡಿ ಮಾಲೀಕರಿಗೂ ಬಲ್ಬಕ್ಕ. ಎದುರು ಸಾಲಿನ ಟೈಲರ್ ಒಬ್ಬ ಮಾತ್ರ ಅಪ್ಪಿತಪ್ಪಿಯೂ ಅಕ್ಕ ಅನ್ನುತ್ತಿರಲಿಲ್ಲ. ‘ನೋಡಿ ಇಲ್ಲಿ’ ಅನ್ನುತ್ತಿದ್ದ. ಅಷ್ಟಕ್ಕೇ ಅವಳ ಕೈಯ ಸ್ಕ್ರೂಡ್ರೈವರ್ ಜಾರುತ್ತಿತ್ತು. ನಲವತ್ತರ ಹತ್ತಿರ ಬಂದವಳಿಗೆ ಇದೆಲ್ಲ ಬೇಕಿತ್ತೇ ಎಂದರೆ, ಹೌದು, ಬೇಕಿತ್ತು.

ವರ್ಷದ ಕೊನೆಯ ರಜೆ ಹತ್ತಿರವಾದರೆ ಅವಳ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಟ್ಟ ಸೇರಿದ್ದ ಅಲಂಕಾರಗಳೆಲ್ಲ ಕೆಳಗಿಳಿದು ಬರುತ್ತವೆ. ಒಂದು ಬಲ್ಬು ಹೋದರೆ ಇಡೀ ಸರವೇ ಆರಿಹೋಗುವ ಹಳೇ ಸೀರಿಯಲ್ ಸೆಟ್ಟುಗಳು, ತುಕ್ಕು ಹಿಡಿದ ನಕ್ಷತ್ರಗಳು. ಎಲ್ಲಕ್ಕೂ ಹೊಸ ವೈರ್ ಎಳೆದು, ಎಲ್ಇಡಿ ಕೂರಿಸಿ ಕೊಡುತ್ತಿದ್ದಳು. ಟೈಲರ್ ಮನೆಯಲ್ಲೂ ಅಂಥದೊಂದು ಪೆಟ್ಟಿಗೆಯಿತ್ತು. ಅವನು ಪೆಟ್ಟಿಗೆ ತರಲಿಲ್ಲ, ಒಂದೊಂದನ್ನೇ ತಂದ.

“ಎಲ್ಲಾ ಒಟ್ಟಿಗೆ ತಂದಿದ್ರೆ ಒಂದೇ ಸಲಕ್ಕೆ ಮುಗೀತಿತ್ತಲ್ಲ,” ಎಂದಳು.

“ಅದಕ್ಕೇ ತರಲಿಲ್ಲ.” ಅವನ ಕಣ್ಣು ಅವಳ ಕತ್ತಿನ ಹತ್ತಿರ ನಿಂತು, ಗಾಬರಿಯಾಗಿ ನೆಲಕ್ಕಿಳಿಯಿತು. “ನಿಮ್ಮ ಅಂಗಿ ಗುಂಡಿ ಬೀಳೋ ಹಾಗಿದೆ. ಕೊಡಿ, ಹೊಲೀತೀನಿ.”

“ಹಾಕ್ಕೊಂಡಿರೋದನ್ನ ಹೇಗ್ರೀ ಕೊಡ್ಲಿ?”

ಅವನ ಕಿವಿ ಕೆಂಪಾಯಿತು. ಅವಳು ಆ ದಿನವೆಲ್ಲ ಒಬ್ಬಳೇ ನಕ್ಕಳು.

ಇಷ್ಟೇ ಆಗಿದ್ದರೆ ಸುಖವಾಗಿತ್ತು. ಆದರೆ ಪ್ರತಿ ಸಾಮಾನಿನ ಜೊತೆಗೂ ಒಂದು ಕಥೆ ಬರುತ್ತಿತ್ತು, ಪ್ರತಿ ಕಥೆಯಲ್ಲೂ ಅವನ ತೀರಿಹೋದ ಹೆಂಡತಿ. ನಕ್ಷತ್ರ ಆಯ್ದು ತಂದದ್ದು ಅವಳು, ತಂತಿಯ ಹಂಸಕ್ಕೆ ಬಣ್ಣ ಬಳಿದದ್ದು ಅವಳು. ಬಲ್ಬಕ್ಕ ಹೂಂಗುಟ್ಟುತ್ತ ಕೇಳುತ್ತಿದ್ದಳು, ಒಳಗೆ ಉರಿಯುತ್ತಿತ್ತು. ಸತ್ತವಳ ಮೇಲೆ ಹೊಟ್ಟೆಕಿಚ್ಚೇ, ಥೂ, ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಬೈದರೆ ಹೋಗುವಂಥದ್ದಲ್ಲ ಅದು.

ಕೊನೆಗೆ ಹಕ್ಕಿ ದೀಪ ಬಂತು. ಕಾಗದದ ಗೂಡು, ಒಳಗೊಂದು ಬಲ್ಬು, ಮೇಲೆ ತಗಡಿನ ಪುಟ್ಟ ಫ್ಯಾನು, ಅದರಿಂದ ಇಳಿಬಿಟ್ಟ, ದೀಪ ಹಚ್ಚಿದರೆ ಸುತ್ತುವ ಕಾಗದದ ಹಕ್ಕಿಗಳು.

“ವೈರ್ ಸುಟ್ಟುಹೋಗಿದೆ. ಇದನ್ನ ಜೋಪಾನವಾಗಿ ಮಾಡ್ಕೊಡಿ. ಮಗಳು ಹುಟ್ಟಿದ ವರ್ಷ ನನ್ನ ಹೆಂಡತೀನೇ ಕತ್ತರಿಸಿ ಮಾಡಿದ್ದು,” ಎಂದ. “ಭಾನುವಾರ ಹಚ್ತೀವಿ. ನೀವೂ ಮನೆಗೆ ಬರ್ಬೇಕು. ಮಗಳ ಹತ್ರ ನಿಮ್ಮ ವಿಷಯ ಹೇಳಿದೀನಿ.”

“ನಂದೇನು ವಿಷಯ?”

“ಬಂದ್ಮೇಲೆ ಹೇಳ್ತೀನಿ.”

ಯಾವ ವಿಷಯ ಎಂದು ಅವಳಿಗೆ ಗೊತ್ತಾಗದೆ ಇರಲಿಲ್ಲ. ಎಷ್ಟೋ ವರ್ಷಗಳಿಂದ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಈ ಒಂದು ಭಾನುವಾರ ಅವಳಿಗೆ ಬೇಕೇ ಬೇಕಿತ್ತು. ಆದರೂ ಮಾರನೆಯ ದಿನ ದೀಪ ಬಿಚ್ಚಿ ಕೂತಾಗ ಹಳೇ ಹೋಲ್ಡರ್ ಕಿತ್ತು, ಇದ್ದುದರಲ್ಲೇ ಒಳ್ಳೆಯ ಎಲ್ಇಡಿ ಕೂರಿಸಿದಳು. ಕಾಗದ ಕಂದಿದೆ, ಬಿಸಿ ಬಲ್ಬು ಹಾಕಿ ಹೊತ್ತಿಕೊಂಡರೆ ಏನು ಗತಿ ಎಂದು ತನಗೆ ತಾನೇ ಹೇಳಿಕೊಂಡಳು.

ಶನಿವಾರ ಸಂಜೆ ಅವನು ಮಗಳನ್ನೂ ಕರೆತಂದ. ಸ್ವಿಚ್ ಒತ್ತಿದೊಡನೆ ಗೂಡು ಬೆಳಗಿತು. ಹಕ್ಕಿಗಳು ನಿಂತಲ್ಲೇ ನಿಂತಿದ್ದವು.

“ಇರಪ್ಪಾ, ಸ್ವಲ್ಪ ಬಿಸಿ ಆಗ್ಬೇಕು,” ಎಂದಿತು ಮಗು. ಮೂವರೂ ಕಾದರು. ಮಗು ದೀಪದ ಮೇಲೆ ಅಂಗೈ ಹಿಡಿಯಿತು. “ಅಪ್ಪಾ, ತಣ್ಣಗಿದೆ.”

ಆಮೇಲೆ ಅದು ಕೆನ್ನೆ ಉಬ್ಬಿಸಿ ಹಕ್ಕಿಗಳಿಗೆ ಉಫ್ ಉಫ್ ಎಂದು ಊದತೊಡಗಿತು.

“ಬಿಸಿಗಾಳಿಗೆ ತಾನೇ ಇದು ತಿರುಗೋದು? ನಿಮಗೆ ಹೊಳೀಲಿಲ್ವಾ?” ಎಂದ ಅವನು, ಮೆತ್ತಗೆ.

ಇಲ್ಲ, ಗಡಿಬಿಡಿಯಲ್ಲಿ ಮರೆತೆ ಎಂದಿದ್ದರೆ ಮುಗಿಯುತ್ತಿತ್ತು. ಅವನು ನಂಬುತ್ತಿದ್ದ, ನಂಬಲು ತಯಾರಾಗಿಯೇ ನಿಂತಿದ್ದ. ಊದಿ ಊದಿ ಸುಸ್ತಾದ ಮಗುವನ್ನು ನೋಡಿದ ಮೇಲೆ ಅವಳ ಬಾಯಿಗೆ ಸುಳ್ಳು ಬರಲಿಲ್ಲ.

“ಗೊತ್ತಿತ್ತು,” ಎಂದಳು. “ಎಲ್ಇಡಿ ಹಾಕಿದ್ರೆ ನಿಂತುಹೋಗತ್ತೆ ಅಂತ ಗೊತ್ತಿದ್ದೇ ಹಾಕ್ದೆ.”

“ಯಾಕೆ?”

“ನಿಮ್ಮನೇಲಿ ಕೂತು, ಅವರ ಹಕ್ಕಿ ತಿರುಗೋದನ್ನ ನೀವು ನೋಡ್ತಿರೋದನ್ನ ನಾನು ನೋಡ್ಬೇಕಿತ್ತಲ್ಲ. ನನ್ನ ಕೈಲಿ ಆಗ್ತಿರಲಿಲ್ಲ. ನೀವಂದ್ರೆ ನನಗೆ ಅಷ್ಟು ಇಷ್ಟ.”

ಪ್ರೀತಿ ಹೇಳಿಕೊಳ್ಳುವುದಕ್ಕೆ ಇದಕ್ಕಿಂತ ಕೆಟ್ಟ ಗಳಿಗೆ ಹುಡುಕಿದರೂ ಸಿಗುತ್ತಿರಲಿಲ್ಲ.

“ನಮ್ಮನೆಗೇ ಬಂದ್ಬಿಡ್ತೀರಾ ಅಂತ ನಾಳೆ ಕೇಳೋಣ ಅಂತಿದ್ದೆ,” ಎಂದ ಅವನು. “ನನ್ನ ಮೇಲೆ ಸಿಟ್ಟಿದ್ರೆ ನನಗೆ ಬೈಬಹುದಿತ್ತು. ಇದು ಮಗೂದು ಕಣ್ರೀ.”

ಅವಳು ದೀಪ ಎಳೆದುಕೊಂಡು ಎಲ್ಇಡಿ ಕಿತ್ತಳು, ಪಿಂಗಾಣಿ ಹೋಲ್ಡರ್ ಕೂರಿಸಿದಳು, ಹಳೇ ದಪ್ಪ ಬಲ್ಬು ತಿರುಗಿಸಿದಳು. ಕಣ್ಣು ಮಂಜಾಗಿ ಸ್ಕ್ರೂ ಸಿಗದೆ ತಡಕಾಡಿದಳು. ಕೊನೆಗೆ ಹಕ್ಕಿಗಳು ಒಮ್ಮೆ ಅಲುಗಿದವು, ಮೆಲ್ಲನೆ ಸುತ್ತತೊಡಗಿದವು. ಮಗು ಚಪ್ಪಾಳೆ ತಟ್ಟಿತು. ಅವನು ಹಕ್ಕಿಗಳನ್ನೇ ನೋಡುತ್ತಿದ್ದ. ಅವನ ಮುಖ ಹೀಗಿರುತ್ತದೆ ಎಂದೇ ಅವಳು ಹೆದರಿದ್ದಳು.

ಬಲ್ಬು ಆರಿಸಿ ತಣ್ಣಗಾದ ಮೇಲೆ ಅವನು ದೀಪವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡ. ಮಗು ಬಾಗಿಲಲ್ಲಿ ತಿರುಗಿ ನಿಂತಿತು.

“ಆಂಟಿ, ನಾಳೆ ಬರ್ತೀರಲ್ವಾ?”

ಅವಳು ಅವನತ್ತ ನೋಡಿದಳು. ಬನ್ನಿ ಎಂದು ಅವನು ಒಂದು ಮಾತು ಅನ್ನಲಿ ಎಂದು ಕಾದಳು. ಅವನು ಬಟ್ಟೆಯ ಗಂಟನ್ನು ಮತ್ತೆ ಬಿಗಿಮಾಡುತ್ತಿದ್ದ.

“ಕೆಲಸ ತುಂಬಾ ಇದೆ ಕಂದಾ, ಆದ್ರೂ ನೋಡೋಣ, ಬಿಡುವಾದ್ರೆ…”

“ಆಂಟಿಗೆ ಬಿಡುವಿಲ್ವಂತೆ, ನಡಿ ಪುಟ್ಟಿ,” ಎಂದ ಅವನು, ಅವಳ ಮಾತು ಮುಗಿಯುವುದಕ್ಕೂ ಬಿಡದೆ.