ಬೇಗ ಮುಗಿದ ಕೆಲಸ

ಆಫೀಸಿನಲ್ಲಿ ಎಲ್ಲರೂ ಅವನನ್ನು ಗಿರಾಕಿ ಎನ್ನುತ್ತಿದ್ದರು. ಹೆಸರಿಟ್ಟವಳು ಅವಳೇ.

ಅವಳ ಕಂಪನಿ ಚಿಪ್‌ಗಳ ವಿನ್ಯಾಸ ಪರೀಕ್ಷಿಸುವ ಸಾಫ್ಟ್‌ವೇರ್ ಮಾಡುತ್ತಿತ್ತು. ಅದನ್ನು ಕೊಂಡಿದ್ದ ಚಿಪ್ ಕಂಪನಿಯವರು ಅವನನ್ನು ಕೆಲವು ತಿಂಗಳ ಮಟ್ಟಿಗೆ ಕಳಿಸಿದ್ದರು. ಬಂದ ಮೊದಲ ದಿನವೇ ಅವಳ ಕುರ್ಚಿಯ ಹಿಂದೆ ನಿಂತು, "ಮೇಡಂ, ನಿಮ್ಮ ಸಾಫ್ಟ್‌ವೇರ್ ಓಡಲ್ಲ, ತೆವಳುತ್ತೆ" ಎಂದಿದ್ದ.

"ಒಳ್ಳೇ ಗಿರಾಕಿ ಸಿಕ್ಕಿದ್ರು ಬಿಡಿ," ಎಂದಳು ಅವಳು. ಅವನು ಮುನಿಸಿಕೊಳ್ಳಲಿಲ್ಲ. ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಮೊದಲು ಕಿರಿದಾಗುತ್ತದೆ ಎಂಬುದನ್ನು ಅವಳು ಆ ದಿನವೇ ಗಮನಿಸಿಬಿಟ್ಟಳು. ಬೇಕಿರಲಿಲ್ಲ.

ಅವನ ದೂರು ಸುಳ್ಳೇನೂ ಅಲ್ಲ. ಒಂದು ವಿನ್ಯಾಸ ಪರೀಕ್ಷಿಸಿದರೆ ಲಕ್ಷಗಟ್ಟಲೆ ತಪ್ಪುಗಳು ಪರದೆಗೆ ಬರುತ್ತಿದ್ದವು. ಒಂದೊಂದನ್ನೂ ಕಣ್ಣಲ್ಲಿ ನೋಡುತ್ತ ಕೂತರೆ ಆಯುಷ್ಯ ಸಾಲದು. ಒಂದೇ ತರದವನ್ನೆಲ್ಲ ಒಂದು ಗುಂಪಿಗೆ ಹಾಕಿ, ಗುಂಪಿಗೊಂದನ್ನು ನೋಡಿದರೆ ಸಾಕು. ಆದರೆ ಹಾಗೆ ವಿಂಗಡಿಸಲು ಪ್ರತಿಯೊಂದನ್ನೂ ಉಳಿದೆಲ್ಲದರ ಜೊತೆ ಹೋಲಿಸಿ ನೋಡುವುದರಲ್ಲಿ ಮಷೀನು ಎರಡೆರಡು ದಿನ ಏದುಸಿರು ಬಿಡುತ್ತಿತ್ತು.

ಅವಳು ದಾರಿ ಹುಡುಕಿದಳು. ಮೊದಲು ವಿನ್ಯಾಸದಲ್ಲಿ ತಪ್ಪಿದ ಪ್ರತಿ ಆಕೃತಿಗೂ ಒಂದು ಚಿಕ್ಕ ಗುರುತು: ಮೂಲೆಗಳೆಷ್ಟು, ಅಗಲವೆಷ್ಟು, ಸಂದು ಎಷ್ಟು ಕಿರಿದು. ಗುರುತು ತಾಳೆಯಾಗದಿದ್ದರೆ ಹೋಲಿಸುವ ಗೊಡವೆಯೇ ಬೇಡ.

"ಇದ್ಯಾಕೆ ಬೇರೆ ಗುಂಪಲ್ಲಿದೆ?" ಅವನು ಪರದೆಯತ್ತ ಬಾಗಿದ. "ಅದೇ ಆಕೃತಿ, ತಲೆಕೆಳಗಾಗಿದೆ ಅಷ್ಟೆ. ಮಗುಚಿ ಹಾಕಿದ ಮಾತ್ರಕ್ಕೆ ಚಪ್ಪಲಿ ಬಕೆಟ್ ಆಗುತ್ತಾ?"

"ಆಗಲ್ಲ. ಆದರೆ ಹಾಗೆ ಕೇಳಿದವರ ತಲೆ ಮೇಲೆ ಬೀಳಬಹುದು."

"ಬೀಳಲಿ, ನಿಮ್ಮದಾದ್ರೆ ಪರವಾಗಿಲ್ಲ."

ಅವಳು ಕೀಬೋರ್ಡ್ ನೋಡುತ್ತ ಕೂತಳು. ಕಿವಿ ಬಿಸಿಯಾಗಿತ್ತು. ಮಧ್ಯಾಹ್ನ ಇಬ್ಬರೂ ಕ್ಯಾಂಟೀನಿನ ಕಿಟಕಿಯ ಪಕ್ಕ ಒಂದೇ ಮೇಜಿಗೆ ಕೂರುವುದು ಯಾವಾಗಿನಿಂದ ರೂಢಿಯಾಯಿತೋ, ಇಬ್ಬರಿಗೂ ನೆನಪಿಲ್ಲ. ಮನೆಯಲ್ಲಿ ಅಕ್ಕ, "ಏನೇ, ಕನ್ನಡಿ ಮುಂದೆ ಬೇರು ಬಿಟ್ಟೆಯಾ?" ಎಂದು ಛೇಡಿಸತೊಡಗಿದ್ದಳು.

ಒಂದು ದಿನ ನೀರು ಹಿಡಿಯಲು ಹೋದವಳಿಗೆ ಗೋಡೆಯ ಮರೆಯಿಂದ ಅವನ ದನಿ ಕೇಳಿಸಿತು. ಫೋನಿನಲ್ಲಿದ್ದ.

"ಅಳಬಾರದು ಚಿನ್ನು. ನೀನಿಲ್ಲದೆ ನಂಗೂ ಬೇಜಾರೇ. ಈ ಕೆಲಸ ಮುಗಿದ ತಕ್ಷಣ ಓಡಿ ಬರ್ತೀನಿ. ಸತ್ಯವಾಗ್ಲೂ."

ಬಾಟಲಿ ತುಂಬಿ ನೀರು ಅವಳ ಕೈಮೇಲೆ ಹರಿಯುತ್ತಿತ್ತು.

"ಬಾಯಿ ಬಿಟ್ಟು ಕೇಳೇ," ಎಂದಳು ಅಕ್ಕ. "ಕೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?" ಅವಳು ಕೇಳಲಿಲ್ಲ. ಮಾನ ಹೋಗುತ್ತದೆ ಎನಿಸಿತು. ಊಟದ ಡಬ್ಬಿ ತನ್ನ ಮೇಜಿನಲ್ಲೇ ಬಿಚ್ಚತೊಡಗಿದಳು. ಅವನು ಬಂದು ಎದುರು ನಿಂತರೆ, "ಸ್ವಲ್ಪ ಅರ್ಜೆಂಟು" ಎನ್ನುವಳು. ಅವನಿಗಾಗಿ ಎಲ್ಲೋ ಯಾರೋ ಅಳುತ್ತಿದ್ದಾರೆ, ಬೇಗ ಕಳಿಸಿಕೊಟ್ಟರೆ ಪುಣ್ಯ ಎಂದು ತನಗೆ ತಾನೇ ಹೇಳಿಕೊಂಡು ಹಲ್ಲುಕಚ್ಚಿ ದುಡಿದಳು.

ಎರಡು ದಿನದ ಕೆಲಸ ಊಟ ಮುಗಿಸಿ ಬರುವಷ್ಟರಲ್ಲಿ ಆಗುವ ಹಾಗಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನೊಬ್ಬ ತಟ್ಟಲಿಲ್ಲ. ಅವಳನ್ನೇ ನೋಡುತ್ತಿದ್ದ.

ಮ್ಯಾನೇಜರ್ ಅವಳನ್ನು ಕರೆದರು. "ಗಿರಾಕಿ ಇನ್ನಾರು ತಿಂಗಳು ಇರ್ತೀನಿ ಅಂತಿದ್ದಾರಮ್ಮ, ಮುಂದಿನ ಭಾಗಕ್ಕೆ. ನಿನಗೆ ಬೇಕಾಗ್ತಾರಾ?"

"ಬೇಡ ಸರ್. ನಾನೊಬ್ಬಳೇ ಮಾಡ್ಕೋತೀನಿ."

ಅವನು ಹೊರಡುವ ದಿನ ಗೇಟಿನ ಬಳಿ ಕಾರು ಬಂದು ನಿಂತಿತು. ಬೀಳ್ಕೊಡಲು ಎಲ್ಲರ ಜೊತೆ ಅವಳೂ ಕೆಳಗಿಳಿದಿದ್ದಳು. ಕಾರಿನಿಂದ ಒಬ್ಬ ಹೆಂಗಸು ಇಳಿಯುವ ಮೊದಲೇ ಪುಟ್ಟ ಹುಡುಗಿಯೊಂದು, "ಮಾಮಾ!" ಎಂದು ಓಡಿ ಬಂದು ಅವನ ಕಾಲು ತಬ್ಬಿತು.

"ನಮ್ಮಕ್ಕ," ಎಂದು ಅವನು ಪರಿಚಯಿಸಿದ. "ಇವಳು ಅಕ್ಕನ ಮಗಳು, ಚಿನ್ನು. ಭಾವ ಹಡಗಿನ ಕೆಲಸದಲ್ಲಿದ್ದಾರೆ, ಮನೇಲಿರೋದೇ ಅಪರೂಪ. ಅದಕ್ಕೇ ಇವಳಿಗೆ ನಾನೇ ಎಲ್ಲ."

ಉಳಿದವರು ಕೈಕುಲುಕಿ ಹೋದ ಮೇಲೂ ಅವಳು ನಿಂತೇ ಇದ್ದಳು.

"ಇವರಿಬ್ಬರನ್ನೂ ಇಲ್ಲಿಗೇ ಕರ್ಕೊಂಡು ಬರೋಣ ಅಂತ ಮನೆ ಕೂಡ ನೋಡಿದ್ದೆ," ಎಂದ ಅವನು ಮೆಲ್ಲಗೆ. "ನೀವು ಬೇಡ ಅಂದ್ರಂತೆ."

"ಫೋನಲ್ಲಿ ಮಾತಾಡ್ತಿದ್ದಿರಿ... ಚಿನ್ನು ಅಂದ್ರೆ ನಾನು..."

ಅವನಿಗೆ ಅರ್ಥವಾಯಿತು. ನಗು ಬಂತು. ಎಡಗಣ್ಣು ಕಿರಿದಾಯಿತು, ಬಲಗಣ್ಣು ಆಗಲಿಲ್ಲ. "ಒಂದು ಮಾತು ಕೇಳಬಾರದಿತ್ತಾ?"

"ನೀವಾದ್ರೂ ಹೇಳಬಾರದಿತ್ತಾ?"

"ನೀವು ಮುಖ ಕೊಟ್ಟಿದ್ರೆ ತಾನೇ ಹೇಳೋದು? ನನ್ನ ಕಂಡ್ರೆ ಆಗಲ್ಲ ಅಂದ್ಕೊಂಡೆ. ಕಂಪನಿಯವರು ದೂರದ ಫ್ಯಾಕ್ಟರಿಗೆ ಹೋಗು ಅಂದ್ರು. ನಿನ್ನೆ ಒಪ್ಪಿಕೊಂಡುಬಿಟ್ಟೆ. ಮೂರು ವರ್ಷ."

ಕಾರಿನೊಳಗಿಂದ ಅವನ ಅಕ್ಕ ಕರೆದಳು. ಅವನು ಕದಲಲಿಲ್ಲ. ಅವಳು ಏನಾದರೂ ಹೇಳಲಿ ಎಂದು ಕಾಯುತ್ತಿದ್ದ.

"ಹುಷಾರಾಗಿ ಹೋಗಿ ಬನ್ನಿ," ಎಂದಳು.

"ಹೋಗಿ ಅಂತಿದೀರಾ, ಬನ್ನಿ ಅಂತಿದೀರಾ?"

ಆ ಮಗು ಅವನ ಬೆರಳು ಹಿಡಿದು ಜಗ್ಗುತ್ತಿತ್ತು. ಒಪ್ಪಿಕೊಂಡು ಬಂದವನನ್ನು ತಡೆಯಲು ತಾನು ಯಾರು ಎನಿಸಿ ಅವಳ ನಾಲಿಗೆ ಏಳಲಿಲ್ಲ. ಅವನು ಇನ್ನೊಂದು ಗಳಿಗೆ ನೋಡಿ, ತಲೆಯಾಡಿಸಿ ಹತ್ತಿ ಕೂತ.

ಕಾರು ತಿರುವು ದಾಟಿದ ಮೇಲೆ ಅವಳ ಬಾಯಿಂದ ಹೊರಟಿತು: "ಬನ್ನಿ."

"ಯಾರನ್ನ ಕರೆದ್ರಿ ಮೇಡಂ?" ಎಂದು ವಾಚ್‌ಮನ್ ಹತ್ತಿರ ಬಂದ.

ಬನ್ನಿ ಎಂಬ ಅದೊಂದು ಮಾತನ್ನು ಅವಳು ಎಷ್ಟೋ ಸಲ ಫೋನಿನಲ್ಲಿ ಬರೆದಳು, ಅಳಿಸಿದಳು. ನಾಳೆ ನೋಡೋಣ ಎನ್ನುತ್ತಲೇ ವರ್ಷ ಕಳೆಯಿತು. ಕೊನೆಗೊಂದು ಸಂಜೆ, ತನ್ನ ಅಕ್ಕನ ಬೈಗುಳ ತಾಳಲಾರದೆ, ಕಣ್ಣು ಮುಚ್ಚಿ ಕಳಿಸಿಯೇಬಿಟ್ಟಳು.

ಉತ್ತರ ಬರಲು ತಡವಾಗಲಿಲ್ಲ.

"ಮುಂದಿನ ತಿಂಗಳು ನನ್ನ ಮದುವೆ. ಒಳ್ಳೆಯ ಹುಡುಗಿ, ಅವಳಿಗೆ ಮಾತು ಕೊಟ್ಟಾಗಿದೆ. ಆವತ್ತು ತಿರುವಿನ ತನಕ ನಾನು ಹಿಂದೆ ತಿರುಗಿ ನೋಡ್ತಾನೇ ಇದ್ದೆ. ನೀನು ಕೈ ಎತ್ತಿದ್ದರೂ ಸಾಕಿತ್ತು."

ಮೊದಲ ಸಲ ನೀನು ಎಂದಿದ್ದ.

ಅವಳು ಆ ಸಾಲನ್ನು ಅಕ್ಷರಗಳು ಕಲಸಿಹೋಗುವವರೆಗೆ ಓದಿದಳು. ಆಮೇಲೆ ಕಣ್ಣೊರೆಸಿಕೊಂಡು, ಇಬ್ಬರೂ ಸುಖವಾಗಿರಿ ಎಂದು ಬರೆದಳು. ಅದನ್ನು ಮಾತ್ರ ಅಳಿಸದೆ, ತಡಮಾಡದೆ ಕಳಿಸಿದಳು.