ಡಾಕ್ಟರಮ್ಮನ ಎಡಗೈ

"ಸುಳ್ಳು! ಹಸಿ ಸುಳ್ಳು! ಡಾಕ್ಟರಮ್ಮ ಚೀಟಿ ಬರೆದಿದ್ದು ಬಲಗೈಲಿ!"

"ಎಡಗೈಲಿ ಕಣೇ! ನಾನು ಕಣ್ಣಾರೆ ನೋಡೀನಿ. ಇಂಜಕ್ಷನ್ನೂ ಎಡಗೈಲೇ ಚುಚ್ಚಿದ್ಲು."

ಹರಿಹರದ ಶಾಲೆಯ ಬೇವಿನ ಮರದ ಕೆಳಗೆ ನಾಲ್ಕನೇ ಕ್ಲಾಸಿನ ಕಸ್ತೂರಿ ಮತ್ತು ಉಚ್ಚೆಂಗಿ ಜಗಳದ ಕೋಳಿಗಳ ಹಾಗೆ ಕುತ್ತಿಗೆ ಚಾಚಿ ನಿಂತಿದ್ದರು. ಶನಿವಾರ ಸಂಜೆ ಸರ್ಕಾರದ ವ್ಯಾನು ಬಂದು, ಶಾಲೆಯ ಬಯಲಿನಲ್ಲಿ ಎರಡು ಗಳ ನೆಟ್ಟು, ನಡುವೆ ಬಿಳಿ ಪರದೆ ಕಟ್ಟಿ, ಬಿಟ್ಟಿ ಪಿಚ್ಚರ್ ತೋರಿಸಿ ಹೋಗಿತ್ತು. ಸೋಮವಾರ ಶಾಲೆಯ ತುಂಬ ಅದೇ ಮಾತು.

"ಅದೂ ಒಂದು ಪಿಚ್ಚರಾ?" ಎಂದು ಮಧ್ಯೆ ಬಾಯಿ ಹಾಕಿದ ಸಣ್ಣತಿಮ್ಮಪ್ಪ. "ಒಂದು ಹಾಡಿಲ್ಲ, ಒಂದು ಕತ್ತಿವರಸೆ ಇಲ್ಲ. ಒಬ್ಬ ಡಾಕ್ಟರಮ್ಮ ಊರೂರು ತಿರುಗಿ ಹುಡುಗ್ರಿಗೆ ಸೂಜಿ ಚುಚ್ಚೋದು! ಅಳೋದು ನೋಡಾಕೆ ಪಿಚ್ಚರ್ ಯಾಕ ಬೇಕು? ನಮ್ಮನ್ಯಾಗೆ ತಮ್ಮ ಇಲ್ವಾ?"

"ನಂಗೆ ಭಾಳ ಸೇರ್ತು," ಎಂದಳು ಉಚ್ಚೆಂಗಿ.

ಸೇರದೆ ಇರುತ್ತದೆಯೇ? ಉಚ್ಚೆಂಗಿ ಎಡಚಿ. ಬಲಗೈಯಲ್ಲಿ ಬಳಪ ಹಿಡಿದರೆ ಅವಳ ಅಕ್ಷರಗಳು ಕುಡಿದವರ ಹಾಗೆ ತೂರಾಡುತ್ತಿದ್ದವು. ಎಡಗೈಯಲ್ಲಿ ಹಿಡಿದರೆ ಮುತ್ತು ಪೋಣಿಸಿದಂತೆ. ಆದರೆ ಬಕ್ಕೇಶಪ್ಪ ಮೇಷ್ಟ್ರ ರೂಲುದೊಣ್ಣೆಗೆ ಮುತ್ತು ಕಾಣುತ್ತಿರಲಿಲ್ಲ, ಕೈ ಮಾತ್ರ ಕಾಣುತ್ತಿತ್ತು. ಎರಡು ವರ್ಷದಿಂದ ಅವಳ ಎಡಗೈ ಗೆಣ್ಣುಗಳ ಊತ ಇಳಿದೇ ಇರಲಿಲ್ಲ.

ಭಾನುವಾರ ಸಂಜೆಯೆಲ್ಲ ಅವಳು ಡಾಕ್ಟರಮ್ಮನ ಕತೆ ಹೇಳಿ ಹೇಳಿ ಅವ್ವನ ತಲೆ ತಿಂದಿದ್ದಳು. ಹತ್ತಿ ಮಿಲ್ಲಿನ ಕೆಲಸ ಮುಗಿಸಿ ಸುಸ್ತಾಗಿ ಬಂದಿದ್ದ ದುರುಗವ್ವ ಕೊನೆಗೆ, "ನಂಗ್ಯಾಕ ಹೇಳ್ತಿ? ಹೊಡಿಯೋರಿಗೆ ಹೇಳು ಹೋಗು," ಎಂದಿದ್ದಳು.

ಗಂಟೆ ಹೊಡೆಯಿತು. ಮೇಷ್ಟ್ರು ಉಕ್ತಲೇಖನ ಹೇಳತೊಡಗಿದರು. ಉಚ್ಚೆಂಗಿ ಉಸಿರು ಬಿಗಿಹಿಡಿದು ಎಡಗೈಗೆ ಬಳಪ ಬದಲಿಸಿಕೊಂಡಳು. ಎರಡು ಸಾಲು ಬರೆಯುವುದರೊಳಗೆ ನೆರಳು ಬಿತ್ತು.

"ಯಾಕ, ಮತ್ತೆ ಕೈ ಕಡೀತೈತಾ?" ರೂಲುದೊಣ್ಣೆ ಮೇಲೆದ್ದಿತು.

"ಪಿಚ್ಚರಿನ ಡಾಕ್ಟರಮ್ಮನೂ ಎಡಗೈಲೇ ಬರೀತಾಳ್ರಿ, ಮೇಷ್ಟ್ರೆ."

ಕ್ಲಾಸು ಗೊಳ್ಳೆಂದು ನಕ್ಕಿತು.

"ಆ ಪಿಚ್ಚರ್ ನಾನೂ ನೋಡೀನಿ. ಬಲಗೈ! ಈಗ ಸುಳ್ಳು ಬೇರೆ ಕಲ್ತಿಯೇನು? ಎಲ್ಲಿ ಕೂತು ನೋಡಿದೆ, ಕನಸಿನಾಗಾ?"

ಉಚ್ಚೆಂಗಿಯ ಮೈ ಉರಿಯಿತು. ಏಟಾದರೆ ತಿಂದು ರೂಢಿಯಿತ್ತು. ಸುಳ್ಳಿ ಅನ್ನಿಸಿಕೊಂಡು ರೂಢಿಯಿರಲಿಲ್ಲ.

"ಪರದೆ ಹಿಂದೆ ಕೂತು ನೋಡಿದ್ನಿ! ನೀವೇ ಅಲ್ರಿ ನಮ್ಮ ಕೇರಿ ಹುಡುಗ್ರನ್ನೆಲ್ಲ ಎಬ್ಬಿಸಿದ್ದು? ಸಾಹುಕಾರ್ರು ಬಂದ್ರು, ಕುರ್ಚಿ ಹಾಕಬೇಕು, ಹಿಂದಕ್ಕೆ ನಡೀರಿ ಅಂತ?"

ನಗು ನಿಂತಿತು. ರೂಲುದೊಣ್ಣೆ ಮೇಲಿದ್ದಲ್ಲೇ ಉಳಿಯಿತು.

"ಹೌದ್ರಿ," ಎಂದು ಸಣ್ಣತಿಮ್ಮಪ್ಪ ಎದ್ದು ನಿಂತ. "ನಾನೂ ಅಲ್ಲೇ ಕೂತಿದ್ದೆ. ಎಡಗೈನೇ. ಅಳ್ತಿದ್ದ ಹುಡುಗನ್ನ ಕೇಳ್ರಿ ಬೇಕಾದ್ರೆ."

ಕಸ್ತೂರಿ ಹುಬ್ಬು ಗಂಟಿಕ್ಕಿ ಕೂತಿದ್ದಳು. ಆ ಕುರ್ಚಿಗಳಲ್ಲಿ ಒಂದು ಅವಳದೇ. ತಟ್ಟನೆ ಅವಳು ತೆಳ್ಳನೆಯ ಕಾಗದವೊಂದರ ಮೇಲೆ ಮಸಿಯಿಂದ ದೊಡ್ಡದಾಗಿ 'ಉ' ಬರೆದು, ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು.

"ಉಚ್ಚೆಂಗಿ, ಆ ಕಡೆ ಹೋಗಿ ನೋಡೇ."

ಉಚ್ಚೆಂಗಿ ಹೊರಗೆ ಓಡಿ ಕಿಟಕಿಯಿಂದ ಇಣುಕಿದಳು. 'ಉ' ಮಗ್ಗುಲು ಬದಲಿಸಿತ್ತು! ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಪರದೆಯ ಹಿಂದಿನಿಂದ ನೋಡಿದಾಗಲೂ ಹೀಗೇ ಆಗಿತ್ತು. ಅಲ್ಲಿ ಬಂದ ಅಕ್ಷರಗಳು ಇಂಗ್ಲಿಷಿನವು. ಅವು ನೆಟ್ಟಗಿದ್ದವೋ ತಿರುಗಿದ್ದವೋ, ಇಂಗ್ಲಿಷ್ ಬಾರದ ಅವಳಿಗೆ ಹೇಗೆ ಗೊತ್ತಾಗಬೇಕು?

ಅವಳು ಕಾಲೆಳೆದುಕೊಂಡು ಒಳಗೆ ಬಂದಳು. "ಹಂಗಾದ್ರೆ... ಆಕಿ ಬಲಗೈಯಾಕಿನೇ."

ಕಸ್ತೂರಿ ಗೆದ್ದಿದ್ದಳು. ಆದರೆ ಅವಳಿಗೆ ಕುಣಿಯಬೇಕೆನಿಸಲಿಲ್ಲ. ಕಾಗದ ಮಡಚಿಕೊಂಡು ಕೂತಳು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನೀನು ಸುಳ್ಳು ಹೇಳಿಲ್ಲ," ಎಂದರು ಮೆಲ್ಲಗೆ. "ನಾನು ಕೂರಿಸಿದ ಜಾಗದಾಗೆ ಹಂಗೇ ಕಾಣ್ತಿತ್ತು."

ಇಡೀ ಕ್ಲಾಸು ಕಣ್ಣು ಪಿಳಿಪಿಳಿ ಬಿಟ್ಟಿತು. ಮೇಷ್ಟ್ರು ಇಂಥ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಹೂಂ, ಬರಿ. ಎರಡು ಸಾಲು ಬಾಕಿ ಐತೆ."

"ಯಾವ ಕೈಲಿ ಬರೀಲ್ರಿ?"

ಮೇಷ್ಟ್ರು ಅವಳ ಸ್ಲೇಟನ್ನು ನೋಡಿದರು. ಆಮೇಲೆ ಆ ಊದಿದ ಗೆಣ್ಣುಗಳನ್ನು ನೋಡಿದರು. ಮುಂದಿನ ವಾಕ್ಯ ಹೇಳುತ್ತ ಕರಿಹಲಗೆಯ ಕಡೆಗೆ ನಡೆದರು. ರೂಲುದೊಣ್ಣೆ ಈಗ ಕಂಕುಳಿಗೆ ಸೇರಿತ್ತು.

ಉಚ್ಚೆಂಗಿ ತನ್ನ ಜಾಗದಲ್ಲಿ ಕೂತಳು. ಈಗ ತೋರಿಸಿ ಹೇಳಲು ಡಾಕ್ಟರಮ್ಮನೂ ಇಲ್ಲ. ಇದ್ದದ್ದು ತನ್ನ ಕೈ ಒಂದೇ.

ಅವಳು ಆ ಕೈಯಲ್ಲೇ ಬಳಪ ಹಿಡಿದಳು. ಮೊದಲ ಅಕ್ಷರ ನಡುಗಿತು, ಎರಡನೆಯದು ನಿಂತಿತು. ಸಾಲಿನ ಕೊನೆಗೆ ಬಂದಾಗ ಅವಳಿಗೆ ಹೊಳೆಯಿತು: ಇಷ್ಟು ಹೊತ್ತೂ ತಾನು ಒಂದು ಸಲವೂ ತಲೆಯೆತ್ತಿ ಮೇಷ್ಟ್ರು ಎಲ್ಲಿದ್ದಾರೆಂದು ನೋಡಿರಲಿಲ್ಲ.