ಕಾಣೆಯಾದ ಹನ್ನೆರಡು ಮಾವಿನ ಮರ

ಸಾಗರದ ಮಿಡಿಮಾವು ಬೆಳೆಗಾರರ ಸಂಘದಲ್ಲಿ ಹನ್ನೆರಡು ಮರ ಕಳುವಾಗಿದ್ದವು. ಮರ ಅಂದರೆ ಮರವಲ್ಲ ಮಾರಾಯ್ರೆ, ಕಂಪ್ಯೂಟರಿನಲ್ಲಿದ್ದ ಅವುಗಳ ದಾಖಲೆ.

"ನಮ್ಮ ಸದಸ್ಯೆ ಬಂಗಾರಮ್ಮನ ಮರದ ದಾಖಲೆ ಸುಷ್ಮಾ ಪರದೆ ಮೇಲೆ ನಾನೇ ಕಣ್ಣಾರೆ ನೋಡಿದ್ದೆ ಮೇಡಂ. ಬೆಳಗಾದ್ರೆ ಇಲ್ಲ!" ಕಾರ್ಯದರ್ಶಿ ದುಗ್ಗಪ್ಪ ಕೂಗಾಡಿದರು. "ಒಳ್ಳೆ ತಳಿನ ತಂದು ಅಂತ ಕಸಿ ಕಟ್ಟಿ ಮಾರೋಕೆ ನರ್ಸರಿ ವಿನೋದ ಹೊಂಚು ಹಾಕಿದಾನೆ, ಅವನ ಜೊತೆ ಸೇರಿ ಈ ಸುಷ್ಮಾನೇ ಅಳಿಸಿದಾಳೆ. ಕೆಲಸದಿಂದ ತೆಗೀತೀನಿ."

ಟೈಪಿಸ್ಟ್ ಸುಷ್ಮಾಳ ಕಣ್ಣು ಕೆಂಪಾಗಿತ್ತು. "ನಿನ್ನೆ ಸಭೆಲಿ ಎಲ್ರೆದುರು ಕಳ್ಳಿ ಅಂದ್ರು ಮೇಡಂ."

ಸಬ್‌ಇನ್ಸ್‌ಪೆಕ್ಟರ್ ಶಿಲ್ಪಶ್ರೀಗೆ ಅಯ್ಯೋ ಪಾಪ ಅನ್ನಿಸಿತು. ಆದರೆ ಪಾಪ ಅನ್ನಿಸಿದ್ದು ಸಾಕ್ಷಿಯಾಗುತ್ತದೆಯೇ?

*

ದಾಖಲೆಗಳು ಹೋಗಿದ್ದು ಬೇರೆ ಬೇರೆ ಮೂರು ದಿನ. ಆ ಮೂರೂ ದಿನ ವಿನೋದ್ ಹಿನ್ನೀರಿನಾಚೆಯ ತುಮರಿಯಲ್ಲಿ ಕಸಿ ಕಟ್ಟುತ್ತಿದ್ದ. ನೋಡಿದವರು ಹತ್ತು ಮಂದಿ. ಆ ದಾರಿ ಅಲ್ಲಿಗೇ ಮುಗಿಯಿತು.

ಶಿಲ್ಪಶ್ರೀ ತೀರ್ಥಹಳ್ಳಿಗೆ ಫೋನ್ ಮಾಡಿದಳು. ಸಂಘಕ್ಕೆ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದುಕೊಟ್ಟ ಪೂರ್ಣೇಶ್ ಅಲ್ಲಿದ್ದ. ದಾಖಲೆಗಳೆಲ್ಲ ಸೇರುವ ಡೇಟಾಬೇಸ್ ಇದ್ದದ್ದೂ ಅವನ ಹತ್ತಿರವೇ.

"ಯಾರಾದ್ರೂ ಅಳಿಸಿದಾರಾ?"

"ಇಲ್ಲ ಮೇಡಂ. ಅಳಿಸಿದ್ರೆ ಯಾರು, ಯಾವಾಗ ಅಂತ ಲಾಗ್‌ನಲ್ಲಿ ಬೀಳತ್ತೆ."

"ಹಂಗಾದ್ರೆ ಸುಷ್ಮಾ ಹಾಕೇ ಇಲ್ವಾ?"

"ಹಾಕಿದಾರೆ. ಪ್ರತಿ ದಾಖಲೆಗೂ ತಾನಾಗೇ ನಂಬರ್ ಬೀಳತ್ತೆ. ನಡುವೆ ಹನ್ನೆರಡು ನಂಬರ್ ಹಾರಿದೆ. ಹೊಸನಗರ ಶಾಖೆಲಿ ಲ್ಯಾಪ್‌ಟಾಪಲ್ಲಿ ಹಾಕ್ತಾರೆ, ಅಲ್ಲಿದು ಮಾತ್ರ ಎಲ್ಲಾ ಸರಿಯಾಗಿದೆ."

ಇದೊಳ್ಳೆ ಕತೆಯಾಯ್ತಲ್ಲ! ಹಾಕಿದ್ದಾಳೆ, ಯಾರೂ ಅಳಿಸಿಲ್ಲ, ಆದರೂ ಇಲ್ಲ.

"ಟೈಪ್ ಮಾಡಿದ್ದು ನಿಮ್ಮಲ್ಲಿ ಕಾಯಂ ಆಗೋದು ಯಾವಾಗ?"

"ಕಮಿಟ್ ಆದಾಗ. ಸಂಜೆ 'ಮುಗಿಸು' ಬಟನ್ ಒತ್ತಿದ್ರೆ ಇಡೀ ದಿನದ್ದು ಒಟ್ಟಿಗೇ ಆಗತ್ತೆ. ಅಲ್ಲೀತನಕ ಅವರ ಪರದೆ ಮೇಲೆ ಮಾತ್ರ ಕಾಣತ್ತೆ."

ಶಿಲ್ಪಶ್ರೀ ಸುಷ್ಮಾಳತ್ತ ತಿರುಗಿದಳು. "ಆ ಮೂರು ದಿನ ಮಧ್ಯಾಹ್ನ ಕರೆಂಟ್ ಹೋಗಿತ್ತಾ?"

"ಇಲ್ಲ ಮೇಡಂ. ಬರೀ ಗುಡುಗಿತ್ತು."

"ಸರಿ, ನೀನು ಟೈಪ್ ಮಾಡ್ತಿರು. ನಾನು ಇಲ್ಲೇ ಕೂತಿರ್ತೀನಿ."

*

ಮೂರು ಗಂಟೆಗೆ ಆಕಾಶ ಗುಡುಗಿತು. ಅಟೆಂಡರ್ ಜಯಪ್ಪ ಟೀ ಲೋಟ ಬಿಟ್ಟು ಓಡಿ ಬಂದವನೇ ಕಂಪ್ಯೂಟರಿನ ಪ್ಲಗ್ ಕಿತ್ತ.

"ಸಿಕ್ಕಿಬಿದ್ರಿ ಜಯಪ್ಪ!"

"ಅಯ್ಯೋ, ಗುಡುಗಿದ್ರೆ ಪ್ಲಗ್ ಕೀಳ್ದೆ ಇರಕ್ಕಾಗತ್ತಾ ಮೇಡಂ? ನಮ್ಮನೆ ಟಿವಿ ಎರಡ್ಸಲ ಸುಟ್ಟಿದೆ. ಇದಕ್ಕೆಲ್ಲಾ ಒಳಗೆ ಹಾಕ್ತಾರಾ?"

"ಗುಡುಗಿದಾಗೆಲ್ಲ ಕೀಳ್ತಾರೆ ಮೇಡಂ, ಟೈಪ್ ಮಾಡಿದ್ದು ಉಳಿದೇ ಇರತ್ತೆ ಅಂದ್ಕೊಂಡಿದ್ದೆ," ಎಂದಳು ಸುಷ್ಮಾ.

ಶಿಲ್ಪಶ್ರೀ ನಕ್ಕುಬಿಟ್ಟಳು. "ಪ್ಲಗ್ ಕಿತ್ತ ಕೂಡ್ಲೇ ಕಮಿಟ್ ಆಗದೆ ಇದ್ದಿದ್ದೆಲ್ಲಾ ಹೋಯ್ತು ದುಗ್ಗಪ್ಪನವ್ರೆ. ಹೊಸನಗರದಲ್ಲೂ ಕಿತ್ತಿರ್ತಾರೆ. ಆದ್ರೆ ಅಲ್ಲಿರೋದು ಲ್ಯಾಪ್‌ಟಾಪ್, ಬ್ಯಾಟರಿಲಿ ನಡೀತಾ ಇರತ್ತೆ."

"ತಪ್ಪು ನಂದೇ ಮೇಡಂ," ಮತ್ತೆ ಫೋನ್ ಮಾಡಿದಾಗ ಪೂರ್ಣೇಶ್ ಒಪ್ಪಿಕೊಂಡ. "ಒಂದೊಂದು ದಾಖಲೆಗೂ ಕಮಿಟ್ ಇಡ್ಬೇಕಿತ್ತು. ಇವತ್ತೇ ಸರಿ ಮಾಡ್ತೀನಿ."

ದುಗ್ಗಪ್ಪ ಗಂಟಲು ಸರಿಮಾಡಿಕೊಂಡರು. "ಆಯ್ತಲ್ಲ ಸುಷ್ಮಾ, ನಾಳೆಯಿಂದ ಬಾರಮ್ಮ."

"ಬರ್ತೀನಿ ಸರ್. ಎಲ್ರೆದುರು ಕಳ್ಳಿ ಅಂದ್ರಿ. ಅಲ್ಲ ಅಂತಾನೂ ಎಲ್ರೆದುರೇ ಹೇಳಿ."

ಭಾನುವಾರ ಮತ್ತೆ ಸಭೆ ಸೇರಿತು. ದುಗ್ಗಪ್ಪ ಎದ್ದು ನಿಂತು, "ಸುಷ್ಮಾದೇನೂ ತಪ್ಪಿಲ್ಲ, ಅವಳನ್ನ ಕಳ್ಳಿ ಅಂದಿದ್ದು ನನ್ನ ತಪ್ಪು," ಎಂದು ಗೊಣಗಿದರು.

"ಕೇಳಿಸ್ಲಿಲ್ಲ," ಎಂದಳು ಕೊನೇ ಸಾಲಿನಲ್ಲಿ ಕೂತಿದ್ದ ಶಿಲ್ಪಶ್ರೀ.

ದುಗ್ಗಪ್ಪ ಇನ್ನೊಮ್ಮೆ ಹೇಳಿದರು, ಗಟ್ಟಿಯಾಗಿ. ಸುಷ್ಮಾ ತಲೆಯೆತ್ತಿ ಕೇಳಿದಳು.